ನನ್ನ ಭಾನುವಾರವನ್ನು ನುಂಗಿದ ಧ್ಯಾನದ ದನಿಗೆ

‘ತಿಳಿಗೊಳ’ ಎಂಬ ಧ್ಯಾನದ ಆ್ಯಪಿನೊಳಗೆ ಸುಖವಾಗಿ ವಾಸಿಸುತ್ತಿರುವ ಮಾನ್ಯ ದನಿಯವರ ಸನ್ನಿಧಿಗೆ, ಹೊನ್ನಾವರದ ಅಳಿವೆ ದಂಡೆಯಿಂದ, ಫಿನಾಯಿಲ್ ವಾಸನೆಯ ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ, ಮೀನುಗಾರ ಮಹಿಳೆಯರ ಸಂಘಕ್ಕೆ ಆರು ವರ್ಷ ಕಾರ್ಯದರ್ಶಿಯಾಗಿದ್ದ ನಾನು ಬೀದಿದೀಪದಿಂದ ಹಿಡಿದು ಬಂದರಿನ ಹೂಳಿನವರೆಗೆ ಎಷ್ಟೋ ಜನರಿಗೆ ಅರ್ಜಿ ಬರೆದಿದ್ದೇನೆ. ಆದರೆ ಇಷ್ಟು ಸಮಾಧಾನದಿಂದ ಮಾತಾಡುತ್ತಾ ಇಷ್ಟು ಸಂಪೂರ್ಣವಾಗಿ ಏನೂ ಮಾಡದವರನ್ನು ಕಂಡಿರಲಿಲ್ಲ.

ನನ್ನ ಮಾವ ಮಾಸ್ತಿಯವರು ಐವತ್ತು ವರ್ಷ ದೋಣಿಯ ಚುಕ್ಕಾಣಿ ಹಿಡಿದ ತಾಂಡೇಲರಾಗಿದ್ದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಮೈ ಬಿದ್ದುಹೋಯಿತು. ಗಂಡ ಪ್ರಕಾಶ ಬೋಟು ಹತ್ತಿದರೆ ಹತ್ತು ದಿನ ಮನೆ ಕಾಣುವುದಿಲ್ಲವಾದ್ದರಿಂದ ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ತೊಳೆಯುವುದು, ಒರೆಸುವುದು ಎಲ್ಲ ನನ್ನದೇ. ಹದಿನೈದು ದಿನಕ್ಕೊಂದು ಭಾನುವಾರ ಮಾತ್ರ ನಾದಿನಿ ಸುಚಿತಾ ಭಟ್ಕಳದ ಹೆಬಳೆಯಿಂದ ಬಂದು ಅಪ್ಪನ ಹತ್ತಿರ ಕೂರುತ್ತಿದ್ದಳು. ಆ ದಿನ ನಾನು ಮಿರ್ಜಾನದ ತವರಿಗೆ ಹೋಗಿ, ಅಮ್ಮನ ಅಡುಗೆಕೋಣೆಯಲ್ಲಿ ಚಾಪೆ ಹಾಸಿ, ಸಂಜೆಯವರೆಗೆ ಗೊರಕೆ ಹೊಡೆದು ಬರುತ್ತಿದ್ದೆ. ಕಳೆದ ಏಪ್ರಿಲ್‌ನಲ್ಲಿ ಅವಳು ನನ್ನ ಮುಖ ನೋಡಿ ಮರುಗಿ, ಫೋನಿನಲ್ಲಿ ತಮ್ಮನ್ನು ಪ್ರತಿಷ್ಠಾಪಿಸಿ, “ಅತ್ಗೆ, ಎಂತ ಇಷ್ಟು ಟೆನ್ಶನ್? ದಿನಾ ಇಪ್ಪತ್ತು ನಿಮಿಷ ಇದ್ನ ಕೇಳು, ಆತು” ಎಂದಳು. ತಾವು ಬಂದಿರಿ, ಅವಳು ಬರುವುದು ನಿಂತಿತು. ನನ್ನ ದೂರು ಇಷ್ಟೇ. ಉಳಿದದ್ದು ತಮ್ಮ ಗುಣಗಾನ.

“ನೀವೀಗ ಕಡಲ ತೀರದಲ್ಲಿದ್ದೀರಿ, ನಿಮಗೆ ಮಾಡಲು ಯಾವ ಕೆಲಸವೂ ಇಲ್ಲ” ಎಂದು ತಾವು ಅಪ್ಪಣೆ ಕೊಡಿಸುತ್ತೀರಿ. ಹುಟ್ಟಿದಂದಿನಿಂದ ಹೊಳೆದಂಡೆ, ಮದುವೆಯಾದಂದಿನಿಂದ ಕಡಲದಂಡೆ ನೋಡಿದ ನನಗೆ ಅಂಥ ತೀರ ಎಲ್ಲಿದೆಯೆಂದು ಗೊತ್ತಾಗಲಿಲ್ಲ. ಇಲ್ಲಿಯ ದಂಡೆಯಲ್ಲಿ ಬುಟ್ಟಿ ಹೊರಬೇಕು, ಮೀನು ಆರಿಸಬೇಕು, ಕಾಗೆ ಓಡಿಸಬೇಕು. ಇಯರ್‌ಫೋನ್ ಹಾಕಿಕೊಂಡರೆ ಪರಿಣಾಮ ಹೆಚ್ಚು ಎಂದೂ ತಾವು ತಿಳಿಸಿದ್ದೀರಿ. ನಿಜ, ಆಗ ಮಾವನವರಿಗೆ ಗಂಜಿ ನೆತ್ತಿಗೇರಿದ್ದು ನನಗೆ ಕೇಳಿಸುವುದಿಲ್ಲ.

ಹೀಗಾಗಿ ಕಳೆದ ಬುಧವಾರ ಮಧ್ಯಾಹ್ನ ಅವರ ಮಂಚದ ಪಕ್ಕದಲ್ಲೇ ಕುಳಿತು ತಮ್ಮ ಅಲೆಗಳ ಸದ್ದನ್ನು ಇಯರ್‌ಫೋನ್ ಇಲ್ಲದೆ ಬಹಿರಂಗವಾಗಿಯೇ ಹಚ್ಚಿದೆ. ಹೊಳೆ ಕಡಲು ಸೇರುವ ಅಳಿವೆಯನ್ನು ದಾಟುವವರು ತೆರೆ ಎಣಿಸುತ್ತಾರೆಂಬುದು ತಮಗೆ ತಿಳಿದಿರಲಾರದು. ದೊಡ್ಡ ತೆರೆಗಳು ಮುಗಿದು ನೀರು ಒಂದಿಷ್ಟು ಹೊತ್ತು ಬಿಡುವು ಕೊಡುತ್ತದೆ, ದೋಣಿ ಒಳಗೆ ಬರಬೇಕಾದದ್ದು ಆ ಬಿಡುವಿನಲ್ಲಿ. ತಮ್ಮ ಕಡಲಿಗೋ ಬಿಡುವೇ ಇಲ್ಲ, ಅವೇ ಏಳೆಂಟು ತೆರೆಗಳನ್ನು ಸುತ್ತಿ ಸುತ್ತಿ ಬಡಿಯುತ್ತೀರಿ. ಮಲಗಿದಲ್ಲೇ ಎಡಗೈ ಬೆರಳಿನಲ್ಲಿ ಎಣಿಸುತ್ತಿದ್ದ ಮಾವನವರಿಗೆ, ಮಗನ ಬೋಟು ಅಳಿವೆಯಾಚೆ ಸಿಕ್ಕಿಕೊಂಡಿದೆ ಎಂದು ಖಾತ್ರಿಯಾಯಿತು. ಕೆಂಪು ಹೊದಿಕೆಯನ್ನು ಅಪಾಯದ ಬಾವುಟದಂತೆ ಬೀಸುತ್ತಾ, “ಪ್ರಕಾಶಾ, ಬರಬೇಡ್ವೋ, ತೆರೆ ಬಿಡುದಿಲ್ಲಾ!” ಎಂದು ತೊದಲಿ ಕೂಗುತ್ತಾ ಅವರು ಏಳಹೋದರು. ನಾನು, “ಯಾವ ಸದ್ದು ಬಂದರೂ ಸುಮ್ಮನೆ ಗಮನಿಸಿ, ಬಿಟ್ಟುಬಿಡಿ” ಎಂಬ ತಮ್ಮ ಆದೇಶದಂತೆ ಆ ಕೂಗನ್ನು ಗಮನಿಸಿದೆ, ಧಡ್ ಎಂದದ್ದನ್ನೂ ಗಮನಿಸಿದೆ. ಹುಬ್ಬಿಗೆ ನಾಲ್ಕು ಹೊಲಿಗೆ ಬಿದ್ದಿವೆ. ನೆಲದಿಂದ ಅವರನ್ನು ಒಬ್ಬಳೇ ಎತ್ತಿದೆ. ತಾವು ಮಾತ್ರ ಕೊನೆಯವರೆಗೂ ಉಸಿರು ಬಿಡಲು ಹೇಳುತ್ತಲೇ ಇದ್ದಿರಿ, ಆ ಸ್ಥೈರ್ಯ ಮೆಚ್ಚತಕ್ಕದ್ದು.

ಆದ್ದರಿಂದ ಸವಿನಯ ವಿನಂತಿ: ಮುಂದಿನ ಆವೃತ್ತಿಯಲ್ಲಿ ತಮಗೆ ಎರಡು ಕೈ ಬರುವಂತೆ ನೋಡಿಕೊಳ್ಳಬೇಕು, ನಾನು ಭುಜ ಹಿಡಿದಾಗ ತಾವು ಕಾಲು ಹಿಡಿದರೆ ಸಾಕು. ಮತ್ತೊಂದಿದೆ, ಹೇಳಲು ನಾಚಿಕೆಯಾಗುತ್ತದೆ. ಆ ಮುದುಕನನ್ನು ಕಂಡರೆ ನನಗೆ ಪ್ರೀತಿಯೇ, ಆದರೂ ಎತ್ತುವಾಗ ಒಮ್ಮೊಮ್ಮೆ ಇವರು ಬೇಗ ಹೋಗಿಬಿಡಬಾರದೇ ಅನ್ನಿಸುತ್ತದೆ. ಅದಕ್ಕೆ ಎಷ್ಟು ಎಣಿಸಿ ಉಸಿರೆಳೆಯಬೇಕು? ಅದೂ ಆಗದಿದ್ದರೆ, ತಾವು ದಯವಿಟ್ಟು ಹೊರಟುಹೋಗಿ ನನ್ನ ನಾದಿನಿಯನ್ನು ವಾಪಸು ಕಳುಹಿಸಿಕೊಡಬೇಕು.

ಕಣ್ಣು ತೆರೆದೇ ಇರುವ,
ತಮ್ಮ ವಿಶ್ವಾಸಿ,
ಮಹಾಲಕ್ಷ್ಮೀ ಪ್ರಕಾಶ ಮೊಗೇರ

ತಾ.ಕ.: ಈ ಪತ್ರ ಮುಗಿಸುವಷ್ಟರಲ್ಲಿ ಫೋನು ಗುಣುಗುಟ್ಟಿತು. “ಮೂರು ದಿನದಿಂದ ಕಾಣಲಿಲ್ಲ, ಎಲ್ಲ ಕ್ಷೇಮವೇ?” ಎಂದಿತ್ತು. ಸುಚಿತಾ ಕೇಳಿದಳೆಂದು ಭಾವಿಸಿ ಅತ್ತೇಬಿಟ್ಟೆ, ಕೆಳಗೆ ನೋಡಿದರೆ ತಮ್ಮ ಹೆಸರು. ಅದನ್ನೇ ಅವಳಿಗೆ ಕಳಿಸಿದೆ, ಉತ್ತರವಾಗಿ ಕೈಮುಗಿದ ಚಿತ್ರ ಬಂತು. ಅಪ್ಪನನ್ನು ನೋಡಿಕೊಳ್ಳಲು ಒಪ್ಪಿಗೆಯೆಂದೇ ತಿಳಿದು, ಬರುವ ಭಾನುವಾರ ಪಕ್ಕದ ಮನೆಯ ಚೌಡನ ಓಮ್ನಿ ವ್ಯಾನಿನಲ್ಲಿ ಮಾವನವರನ್ನು ಹೆಬಳೆಗೆ ಕಳಿಸುತ್ತಿದ್ದೇನೆ. ಅವರಿಗೂ ಮಗಳನ್ನು ನೋಡುವ ಆಸೆ ಬಹಳ. ಅವರ ತಲೆದಿಂಬಿನಡಿ ಈ ಫೋನೂ ಇರುತ್ತದೆ. ನಾನು ಮಿರ್ಜಾನದಲ್ಲಿ ಮಲಗಿರುತ್ತೇನೆ, ಅವಳಿಗೆ ಉಸಿರು ಬಿಡಲು ತಾವೇ ಹೇಳಿಕೊಡಿ.