ಎದ್ದು ಕಾಣುವ ಅರ್ಜಿ

ವಕೀಲಿ ಓದಿದವರಿಗೆ ಧೈರ್ಯ ಜಾಸ್ತಿ ಎಂದು ಜನ ನಂಬಿದ್ದಾರೆ. ನಂಬಲಿ ಪಾಪ, ಅದರಿಂದಲೇ ನಮ್ಮ ವೃತ್ತಿಯ ಮರ್ಯಾದೆ ಉಳಿದಿದೆ. ನನಗಂತೂ ಫೋನು ಬಡಿದುಕೊಂಡರೂ ಎದೆ ಧಸಕ್ಕೆನ್ನುತ್ತದೆ. ಎಲ್‌ಎಲ್‌ಬಿ ಮುಗಿಸಿ ಬೀದರಿನ ವಕೀಲರ ಆಫೀಸುಗಳಿಗೆ ಹನ್ನೊಂದು ಅರ್ಜಿ ಹಾಕಿದ ಮೇಲೆ ನಾನು ಫೋನನ್ನು ತಟ್ಟೆಯ ಪಕ್ಕದಲ್ಲಿಟ್ಟುಕೊಂಡೇ ಊಟ ಮಾಡುತ್ತಿದ್ದೆ. ಪುಣ್ಯಾತ್ಮರು ಒಬ್ಬರಾದರೂ ‘ಬೇಡ’ ಎಂದು ಕೂಡ ತಿಳಿಸಲಿಲ್ಲ.

ಅಷ್ಟರಲ್ಲಿ ಔರಾದದ ಮಾಮಾ ಬೀದರ್ ಹತ್ತಿರದ ಕೊಳಾರದ ಗೋದಾಮೊಂದರಲ್ಲಿ ನನಗೆ ನೌಕರಿ ಗಟ್ಟಿ ಮಾಡಿಬಿಟ್ಟರು. ಗೇಟಿನಲ್ಲಿ ಕೂತು ಬಂದುಹೋಗುವ ಲಾರಿಗಳ ನಂಬರ್ ಬರೆದುಕೊಳ್ಳುವ ಕೆಲಸ. ನರ್ಸಾಗಿ ಪಾಳಿಯ ಮೇಲೆ ಪಾಳಿ ದುಡಿದು ನನ್ನನ್ನು ಓದಿಸಿದ ಅವ್ವ ಖಡಾಖಂಡಿತವಾಗಿ ಹೇಳಿದಳು: “ಸೋಮವಾರತನಕ ನೋಡ್ತೇನಿ. ವಕೀಲರು ಕರದ್ರ ಹೋಗು, ಇಲ್ಲಾಂದ್ರ ಗೋದಾಮಿಗಿ ನಡಿ. ಕರಿಕೋಟು ನೋಡ್ಕೋತ ಕುಂತ್ರ ಹೊಟ್ಟಿ ತುಂಬ್ತದೇನು?” ಆ ಕರಿಕೋಟನ್ನು ನಾನು ದಿನಾ ಇಸ್ತ್ರಿ ಮಾಡಿ ಮತ್ತೆ ತೂಗುಹಾಕುತ್ತಿದ್ದೆ. ಲಾರಿ ಗೇಟಿನಲ್ಲಿ ಅದನ್ನು ಹಾಕಿಕೊಳ್ಳಲು ಬಿಡುತ್ತಾರೋ ಇಲ್ಲವೋ ಎಂದು ಯೋಚಿಸಿ ಅವತ್ತು ಅತ್ತೇಬಿಟ್ಟೆ.

ಉಳಿದದ್ದು ಒಂದೇ ಆಸೆ. ಬೀದರಿನ ಹಿರಿಯ ವಕೀಲರೊಬ್ಬರಿಗೆ ಜೂನಿಯರ್ ಬೇಕಾಗಿತ್ತು, ಶುಕ್ರವಾರ ಕಡೆಯ ದಿನ. ಮೊಬೈಲಿನಲ್ಲಿ ಬುದ್ಧಿ ಹೇಳುವವರೆಲ್ಲ ‘ನಿಮ್ಮ ಅರ್ಜಿ ನೂರರಲ್ಲಿ ಎದ್ದು ಕಾಣಬೇಕು’ ಎನ್ನುತ್ತಿದ್ದರೇ ಹೊರತು ಹೇಗೆ ಏಳಬೇಕೆಂದು ಹೇಳುತ್ತಿರಲಿಲ್ಲ. ನಮ್ಮ ಭಾಲ್ಕಿಯಲ್ಲಿ ಅರ್ಜಿ ಎಂದರೆ ಕಾಶಿನಾಥ ಕಾಕಾ. ಕೋರ್ಟಿನೆದುರು ಬೇವಿನ ಮರದಡಿ ಟೈಪ್ ಮಷಿನ್ ಇಟ್ಟುಕೊಂಡು ದಾವೆ, ತಕರಾರುಗಳನ್ನು ಕುಟ್ಟುತ್ತಾ ತಲೆ ನರೆಸಿಕೊಂಡವರು. ಅವರು ಕುಟ್ಟಿದ ಅರ್ಜಿ ವಾಪಸ್ ಬರುವುದಿಲ್ಲ ಎಂಬುದು ಊರಿನ ನಂಬಿಕೆ. “ನೂರ್ ಮಂದ್ಯಾಗ ಎದ್ದು ಕಾಣ್ಬೇಕ್ರಿ ಕಾಕಾ” ಎಂದೆ. “ಫಿಕರ್ ಮಾಡಬ್ಯಾಡ ಬೇಟಿ. ನೀ ಹೇಳ್ಕೋತ ಹೋಗು, ನಾ ಹೊಡ್ಕೋತ ಹೋಗ್ತೇನಿ” ಎಂದರು.

ಹೇಳಿದೆ. ನನ್ನ ಓದು, ಅಂಕ, ಹನ್ನೊಂದು ಅರ್ಜಿಗಳ ಗೋಳು, ಒಂದನ್ನೂ ಬಿಡಲಿಲ್ಲ. ಮೂರು ಹಾಳೆಯಾಯಿತು. ಕಾಕಾ ಎಡಬದಿಗೆ ದಾರದಿಂದ ಹೊಲಿದು, ಸಹಿ ಬೀಳಬೇಕಾದಲ್ಲೆಲ್ಲ ಪೆನ್ಸಿಲಿನಿಂದ ಗುರುತು ಹಾಕಿ ಕೊಟ್ಟರು. ಬೀದರ್ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಗುರುತಿದ್ದಲ್ಲೆಲ್ಲ ಸಹಿ ಜಡಿದು, ಲಕೋಟೆಗೆ ತುರುಕಿ ಓಡಿದೆ; ಶುಕ್ರವಾರ ಸಂಜೆಯೊಳಗೆ ಅದನ್ನು ವಕೀಲರ ಆಫೀಸಿಗೆ ಮುಟ್ಟಿಸಿ ಬಂದೆ.

ಶನಿವಾರ ಬೆಳಿಗ್ಗೆಯೇ ವಕೀಲರು ಕರೆಸಿದರು. ಹೋಗಿ ನಿಂತೆ. ಅವರು ನನ್ನ ಅರ್ಜಿಯನ್ನು ನನ್ನ ಕೈಗೇ ಕೊಟ್ಟು, “ಜೋರಾಗಿ ಓದ್ರಿ” ಎಂದರು. ಓದಿದೆ. ಅದನ್ನು ಓದಿದ್ದು ಅದೇ ಮೊದಲು.

ಕಾಕಾ ಅದನ್ನು ದಾವೆ ಮಾಡಿಬಿಟ್ಟಿದ್ದರು! ‘ಅರ್ಜಿದಾರಳು’ ನಾನು, ‘ಎದುರುದಾರರು’ ಅವರು. “ಅರ್ಜಿದಾರಳು ಕಾನೂನು ಪದವೀಧರೆಯಾಗಿದ್ದು, ಬೀದರಿನ ವಕೀಲರು ಸಕಾರಣವಿಲ್ಲದೆ ಸದರಿಯವಳಿಗೆ ಕೆಲಸ ಕೊಡದೆ ಸತಾಯಿಸುತ್ತಾ ಬಂದಿರುತ್ತಾರೆ. ವ್ಯಾಜ್ಯಕಾರಣವು ಭಾಲ್ಕಿಯಲ್ಲಿ ಉದ್ಭವಿಸಿರುತ್ತದೆ. ಆದಕಾರಣ ಎದುರುದಾರರು ಅರ್ಜಿದಾರಳನ್ನು ಜೂನಿಯರ್ ಆಗಿ ಸೇರಿಸಿಕೊಳ್ಳುವಂತೆ ಆದೇಶಿಸಿ, ಈ ಅರ್ಜಿಯ ಖರ್ಚನ್ನೂ ಅವರಿಂದಲೇ ಕೊಡಿಸಬೇಕಾಗಿ ಪ್ರಾರ್ಥನೆ.” ಕೊನೆಗೆ, ಮೇಲಿನದನ್ನೆಲ್ಲ ಓದಿ ನೋಡಿದ್ದೇನೆ, ಎಲ್ಲವೂ ಸತ್ಯ ಎಂಬ ಪ್ರಮಾಣ. ಅದರಡಿ ನನ್ನ ಅಂದವಾದ ಸಹಿ. ಅಯ್ಯೋ ದೇವರೇ, ನೆಲ ಬಾಯಿ ಬಿಡಬಾರದೇ ಅನ್ನಿಸಿತು.

“ಬೇಕಂತಲೇ ಹಿಂಗ ಬರ್ಸೀರೇನು?” ಎಂದು ವಕೀಲರು ಕೇಳಿದರು. ಕಣ್ಣ ಮುಂದೆ ಕೊಳಾರದ ಲಾರಿಗಳು ಸಾಲಾಗಿ ಹಾದುಹೋದವು. “ಹೌದ್ರಿ ಸರ್, ಎದ್ದು ಕಾಣ್ಲಿ ಅಂತ” ಎಂದೆ.

“ಖರೇ?”

“ಖರೇನ್ರಿ.”

ಅವರು ಒಂದು ಹಾಳೆಯಲ್ಲಿ ನಾಲ್ಕು ಸಾಲು ಬರೆದು ನನ್ನ ಮುಂದೆ ಸರಿಸಿದರು. “ಸಹಿ ಮಾಡ್ರಿ. ಸೋಮವಾರ ಹತ್ತಕ್ಕ ಬರ್ರಿ.” ಸೋಮವಾರ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಸಹಿ ಮಾಡಿ, ಅದರ ಜೆರಾಕ್ಸ್ ಹಿಡಿದುಕೊಂಡು, ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದು ಬಸ್ ನಿಲ್ದಾಣ ಸೇರಿದೆ. ಅಲ್ಲಿಂದ ಅವ್ವನಿಗೆ ಫೋನು ಮಾಡಿದೆ. “ಏನ್ ಬರ್ದಾರ ಓದು, ಕೇಳ್ತೇನಿ” ಎಂದಳು. ಉತ್ಸಾಹದಿಂದ ಓದತೊಡಗಿದೆ:

“ನನ್ನ ಅರ್ಜಿಗೆ ಓದದೆ ಸಹಿ ಮಾಡಿದ್ದೇನೆಂದೂ, ಬೇಕೆಂದೇ ಬರೆಸಿದ್ದಾಗಿ ಸುಳ್ಳು ಹೇಳಿದ್ದೇನೆಂದೂ, ಈ ಕಾಗದಕ್ಕೂ ಓದದೆಯೇ ಸಹಿ ಮಾಡುತ್ತಿದ್ದೇನೆಂದೂ ಒಪ್ಪಿಕೊಳ್ಳುತ್ತೇನೆ. ಸೋಮವಾರದಿಂದ ಕೆಲಸಕ್ಕೆ ಹಾಜರಾಗಿ ಮೊದಲು ಓದುವುದನ್ನು ಕಲಿಯುತ್ತೇನೆ.”

ಅವ್ವ ಪೂರ್ತಿ ಕೇಳಿಸಿಕೊಂಡು ಅಂದಳು: “ನೌಕರಿ ಸಿಕ್ತಲ್ಲ, ಅಷ್ಟ ಸಾಕು. ಆದ್ರ ಇಷ್ಟ್ ವರ್ಷ ಕಾಲೇಜಿನಾಗ ನೀ ಏನ್ ಓದ್ದಿ?”

ಆ ಪ್ರಶ್ನೆಗೆ ಉತ್ತರಿಸಲು ನಾನು ಇವತ್ತಿಗೂ ಮುಂದಿನ ತಾರೀಖು ಕೇಳುತ್ತಿದ್ದೇನೆ.