ಮಗ್ಗದ ಮನೆಯ ಡ್ರೈವ್

ನನಗೆ ಕಂಪ್ಯೂಟರ್ ಅಂದರೆ ನೀರು ಕುಡಿದಷ್ಟು ಸುಲಭ ಎಂದು ನಮ್ಮ ಬೀದಿಯಲ್ಲಿ ಒಂದು ನಂಬಿಕೆ ಇತ್ತು. ಅದನ್ನು ಹಬ್ಬಿಸಿದವನು ನಾನೇ! ಸೇಲಂನ ಖಾಸಗಿ ಕಂಪನಿಯೊಂದರಲ್ಲಿ ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು ನಾನು. ಉಳಿದವರೆಲ್ಲ ಮಗ್ಗದ ಮುಂದೆ ಕೂರುವ ಬೀದಿಯಲ್ಲಿ ಅಷ್ಟೂ ಜಂಭ ಕೊಚ್ಚದಿದ್ದರೆ ಹೇಗೆ?

ಹೋದ ವರ್ಷ ಮನೆಗೆ ಒಂದು ನೆಟ್‌ವರ್ಕ್ ಡ್ರೈವ್ ತಂದೆ. ನೋಡಲು ಸಣ್ಣ ಕಪ್ಪು ಡಬ್ಬ. ಅದರಲ್ಲಿ ತುಂಬಿಟ್ಟಿದ್ದನ್ನು ಊರಾಚೆಯಿಂದಲೂ ನೋಡಬಹುದು. ತೀರಿಹೋದ ನಮ್ಮಪ್ಪ ಚೌಕುಳಿ ಕಾಗದದ ಮೇಲೆ ಬರೆದಿಟ್ಟಿದ್ದ ಸೀರೆ ಅಂಚಿನ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿ ಅದರೊಳಗೆ ಸೇರಿಸಿದೆ. ಡಬ್ಬ ಬಿಸಿಯಾಗಬಾರದಲ್ಲ, ಮನೆಯಲ್ಲಿ ತಣ್ಣಗಿರುವುದು ಮಗ್ಗದ ಮನೆ ಒಂದೇ. ಅಲ್ಲೇ ಗೋಡೆಗೆ ಹಲಗೆ ಹೊಡೆದು ಕೂರಿಸಿದೆ.

"ಅವ್ವ, ಇನ್ಮೇಲೆ ಈ ಕಾಗದ ಎಲ್ಲಾ ಕಸದ ಕುಪ್ಪೆ. ಬಿಸಾಕು. ನಾನು ಎಲ್ಲಿದ್ರೂ ಒಂದು ನಿಮಿಷದಾಗೆ ತೆಗೀತೀನಿ," ಎಂದೆ.

ಅವ್ವ ಕಾಗದಗಳನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು.

ಮೊನ್ನೆ ಬೆಳಿಗ್ಗೆ ನಾನು ಆಫೀಸಿನಲ್ಲಿದ್ದಾಗ ಮೆಟ್ಟೂರಿನಿಂದ ಅಕ್ಕನ ಫೋನ್ ಬಂತು. ಅವಳ ಮಗಳು ರೇವತಿಗೆ ಮದುವೆ. ಮುಹೂರ್ತದ ಸೀರೆಗೆ ತಾತ ಬರೆದ ಗಿಣಿ ಅಂಚೇ ಬೇಕೆಂದು ಹುಡುಗಿಯ ಹಟ. ಚಿತ್ರ ನೋಡಿ ರಟ್ಟಿನ ಅಟ್ಟೆಗಳಿಗೆ ತೂತು ಹೊಡೆದು ಮಗ್ಗದ ಮೇಲೆ ಕಟ್ಟಿದರೆ ತಾನೇ ಗಿಣಿ ಸೀರೆಗೆ ಇಳಿಯುವುದು?

"ಸೇಕರಾ, ನಿಮ್ಮೂರಿನ ಅಟ್ಟೆ ಒಡೆಯೋರಿಗೆ ಇವತ್ತು ರಜೆ. ನಾಳೆ ವಿಡಿಯಕಾಲೈಲಿ, ಬೆಳಗಿನ ಜಾವಕ್ಕೇ, ಮೊದ್ಲು ನಮ್ದೇ ಇಡ್ಕೋತಾರಂತೆ. ಸಾಯಂಕಾಲ ಆರರ ಒಳಗೆ ಚಿತ್ರ ಅವ್ರ ಕೈಲಿ ಇರ್ಬೇಕು. ಇಲ್ದಿದ್ರೆ ಬೇರೆಯವ್ರ ಸರದಿ. ಆಮೇಲೆ ಮದುವೆಗೆ ಸೀರೆ ಆಗಲ್ಲಪ್ಪಾ!"

"ಆರು ಗಂಟೆ ಯಾಕಕ್ಕ? ಅರ್ಧ ಗಂಟೇಲಿ ಕಳಿಸ್ತೀನಿ!"

ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮನೆಗೆ ಹೋಗಿ ಬಂದಿದ್ದರೆ ಕೆಲಸ ಮುಗಿಯುತ್ತಿತ್ತು. ಆದರೆ ಹಾಗೆ ಮಾಡಿದರೆ ಡ್ರೈವ್ ತಂದವನ ಮರ್ಯಾದೆ ಏನಾಗಬೇಕು? ವಾರದ ನಡುವೆ ಅಟ್ಟೆಯವರಿಗೆ ಯಾಕೆ ರಜೆ ಎಂದು ಕೇಳುವ ಬುದ್ಧಿಯೂ ನನಗೆ ಹೊಳೆಯಲಿಲ್ಲ.

ಆಫೀಸಿನ ಕಂಪ್ಯೂಟರಿನಲ್ಲಿ ಮನೆಯ ಡ್ರೈವಿನ ವಿಳಾಸ ಹೊಡೆದೆ. 'ನಿಮ್ಮ ಸಂಸ್ಥೆ ಇದನ್ನು ತಡೆದಿದೆ' ಎಂದಿತು. ಈ ಯಂತ್ರ ನನ್ನ ಮೇಜಿನ ಮೇಲಿದೆ ಅಷ್ಟೇ, ಅದರ ಯಜಮಾನರು ಇರುವುದು ಚೆನ್ನೈಯಲ್ಲಿ. ಪರದೆಯ ಮೇಲಿನ ಚಿತ್ರ ಬದಲಿಸಬೇಕಾದರೂ ಅವರ ಅಪ್ಪಣೆ ಬೇಕು. ಹೋಗಲಿ ಎಂದು ನನ್ನ ಫೋನಿನಲ್ಲಿ ನೋಡಿದೆ. 'ಡ್ರೈವ್ ಸಿಗುತ್ತಿಲ್ಲ' ಎಂದಿತು. ಫೋನಿಗೆ ಅಷ್ಟು ಶಕ್ತಿ ಇಲ್ಲ, ದೊಡ್ಡ ಕಂಪ್ಯೂಟರನ್ನೇ ದಾರಿಗೆ ತರಬೇಕು ಎಂದು ತೀರ್ಮಾನಿಸಿದೆ. ಮಹಾ ಬುದ್ಧಿವಂತ!

ಕೂರಲಾಗಲಿಲ್ಲ. ಎದ್ದೆ, ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ಹೆಂಡತಿ ಮಣಿಗೆ ಫೋನ್ ಮಾಡಿದೆ.

"ಮಣಿ, ಮನೇಲಿ ನೆಟ್ ಬತ್ತೈತಾ?"

"ಬತ್ತೈತೆ ಮಾಮ. ಟೀವಿ ಓಡ್ತೈತೆ."

"ಮಗ್ಗದ ಮನೇಲಿ ನನ್ ಡಬ್ಬದ ಲೈಟ್ ಉರೀತೈತಾ ನೋಡು."

"ಅಲ್ಲಿಗೆ ಓಗಂಗಿಲ್ಲ ಮಾಮ. ಅತ್ತೆ ಬೀಗ ಆಕವ್ರೆ. ಇವತ್ತು..."

"ಇವತ್ತು ಗಿವತ್ತು ಏನೂ ಬೇಡ. ನಿನ್ನ ಕೇಳಿದ್ದೇ ತಪ್ಪು!" ಎಂದು ಇಟ್ಟುಬಿಟ್ಟೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಕಂಪನಿಯ ನೆಟ್ ಬಿಡಿಸಿ ಕಂಪ್ಯೂಟರನ್ನು ನನ್ನ ಫೋನಿನ ನೆಟ್ಟಿಗೆ ಕಟ್ಟಿದೆ. ಡ್ರೈವ್ ಕಂಪನಿಯ ಸಾಫ್ಟ್‌ವೇರ್ ಇಳಿಸಿಕೊಂಡೆ. ಅದನ್ನು ಹಾಕಲು ಹೋದರೆ ಪಾಸ್‌ವರ್ಡ್ ಕೇಳಿತು. ಕೇಳಿದ್ದು ಚೆನ್ನೈ ಯಜಮಾನರ ಪಾಸ್‌ವರ್ಡನ್ನು. ನಾನು ಕೊಟ್ಟದ್ದು ನಮ್ಮ ಮನೆಯದನ್ನು! ತಪ್ಪು ಎಂದಿತು. ಅವ್ವನ ಹೆಸರು ಹಾಕಿದೆ. ತಪ್ಪು. ಅವ್ವನ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕಿದೆ. ಪರದೆ ಕೆಂಪಾಯಿತು. ಕಂಪ್ಯೂಟರ್ ಬೀಗ ಹಾಕಿಕೊಂಡಿತು.

ಐದೇ ನಿಮಿಷಕ್ಕೆ ಚೆನ್ನೈಯಿಂದ ಒಬ್ಬ ಹೆಣ್ಣುಮಗಳ ಫೋನ್.

"ಸಾರ್, ನೀಂಗ ಎನ್ನ ಪಣ್ಣೀಂಗ? ಹ್ಯಾಕಿಂಗ್ ಅಲರ್ಟ್ ವಂದಿರುಕ್ಕು!" ನಾನು ಏನೋ ಮಾಡಿದ್ದಕ್ಕೆ ಹ್ಯಾಕಿಂಗ್ ಎಚ್ಚರಿಕೆ ಬಂದಿದೆಯಂತೆ.

"ಒಂದು ಗಿಣಿ ಬೇಕಿತ್ತು ಮೇಡಂ," ಎಂದು ತಮಿಳಿನಲ್ಲಿ ಹೇಳಿದೆ.

ಆಮೇಲೆ ಕರೆ ನೇರವಾಗಿ ನಮ್ಮ ಮ್ಯಾನೇಜರಿಗೆ ಹೋಯಿತು. ಅವರು ನನ್ನನ್ನು ಕರೆದು, ವಿವರಣೆ ಬರೆದು ಕೊಡದೆ ಮನೆಗೆ ಹೋಗುವಂತಿಲ್ಲ ಎಂದರು. ಮೂರು ಸಲ ಬರೆದೆ, ಮೂರು ಸಲವೂ ಸರಿಯಿಲ್ಲವೆಂದು ಹಿಂದಕ್ಕೆ ಬಂತು. ಕೊನೆಗೆ ಒಪ್ಪಿದ್ದರ ಸಾರಾಂಶ ಇಷ್ಟು: 'ಮಾನ್ಯರೇ, ಅಕ್ಕನ ಮಗಳ ಸೀರೆಯ ಗಿಣಿಯನ್ನು ಹಿಡಿಯುವ ಸದುದ್ದೇಶದಿಂದ ಕಂಪನಿಯ ಭದ್ರತೆಯ ಬೇಲಿ ಹಾರಲು ಯತ್ನಿಸಿ ಬಿದ್ದಿರುತ್ತೇನೆ. ಕ್ಷಮಿಸಬೇಕು.'

ಗಡಿಯಾರ ನೋಡಿದರೆ ಆರೂ ಕಾಲು! ಅಕ್ಕನಿಂದ ಏಳು ಕರೆಗಳು ಬಂದಿದ್ದವು. ತಿರುಗಿ ಮಾಡುವ ಧೈರ್ಯ ಬರಲಿಲ್ಲ. ರೇವತಿಯ ಮುಖ ಕಣ್ಣ ಮುಂದೆ ಬಂತು. ಅಷ್ಟು ಆಸೆಪಟ್ಟು ಕೇಳಿದ್ದು ಒಂದೇ ಒಂದು, ಅದನ್ನೂ ನನ್ನ ಜಂಭ ನುಂಗಿತಲ್ಲ! ಗಾಡಿ ಓಡಿಸಿಕೊಂಡು ಮನೆಗೆ ಬಂದವನೇ ಮಗ್ಗದ ಮನೆಯ ಬಾಗಿಲಿಗೆ ಹೋದೆ. ಬೀಗ. ಹೊಸ್ತಿಲಿಗೆ ಅರಿಶಿನ ಕುಂಕುಮ. ಹೊರಗೋಡೆಯ ಮೇಲಿದ್ದ ಆ ಕೋಣೆಯ ಮೇನ್ ಸ್ವಿಚ್ ಕೆಳಗಿಳಿದಿತ್ತು.

"ಅವ್ವ! ಸ್ವಿಚ್ ಯಾರು ಆಫ್ ಮಾಡಿದ್ದು?"

"ನಾನೇ. ಇವತ್ತು ಅಮಾಸೆ ಕಣ್ಲಾ! ಅಮಾಸೆ ದಿನ ಮಗ್ಗದ ಮನೇಲಿ ಏನಾದ್ರೂ ಓಡ್ತೈತಾ?"

ಜಗಲಿಯ ಮೇಲೆ ಕೂತೆ. ಅಮಾವಾಸ್ಯೆಗೆ ನಮ್ಮವರು ಯಾರೂ ಮಗ್ಗ ಮುಟ್ಟುವುದಿಲ್ಲ. ಚಿಕ್ಕವನಾಗಿದ್ದಾಗ ನಾನು ಭಾನುವಾರಕ್ಕಿಂತ ಹೆಚ್ಚಾಗಿ ಕಾದಿದ್ದು ಆ ದಿನಕ್ಕೆ, ಅಪ್ಪ ಬಿಡುವಾಗಿ ಸಿಗುತ್ತಿದ್ದುದು ಅಂದು ಮಾತ್ರ. ಅಂಥದ್ದನ್ನು ಮರೆತು, ಆರಿಹೋದ ಡಬ್ಬವನ್ನು ಚೆನ್ನೈವರೆಗೆ ಜಗಳ ಹೂಡಿ ತೆರೆಯಲು ಹೊರಟಿದ್ದೆ!

"ಗಿಣಿ ಅಂಚು ಓಯ್ತಲ್ಲವ್ವಾ..."

"ಎಲ್ಲಿಗೆ ಓಯ್ತದೆ? ನಿಮ್ಮಕ್ಕ ನಂಗೂ ಫೋನ್ ಮಾಡಿದ್ಲು. ನಾಲ್ಕು ಗಂಟೆಗೇ ಮಣಿ ಅಟ್ಟೆಯವ್ರ ಮನೇಲಿ ಕೊಟ್ಟು ಬಂದ್ಲು. ನಿಮ್ಮಕ್ಕ ಪಾಪ, ಅದನ್ನ ಏಳೋಕೆ ನಿಂಗೆ ಎಷ್ಟು ಸಲ ಫೋನ್ ಒಡೆದ್ಲೋ!"

"ಮಣಿಗೆ ಚಿತ್ರ ಎಲ್ಲಿ ಸಿಕ್ತು?"

"ನನ್ ಟ್ರಂಕಿನಾಗೆ."

"ಬಿಸಾಕು ಅಂದಿದ್ನಲ್ಲವ್ವಾ?"

"ನೀ ಅಂದೆ. ನಾ ಎಲ್ಲಿ ಬಿಸಾಕ್ದೆ? ನಿಮ್ಮಪ್ಪ ಮಗ್ಗಕ್ಕೆ ರಜೆ ಅಂತ ಒಂದೊಂದು ಅಮಾಸೆಗೂ ಕೂತು ಬರ್ದಿದ್ದು ಅದೆಲ್ಲಾ," ಎಂದಳು ಅವ್ವ. ಮಣಿ ಒಳಗಿನಿಂದ ಕಾಫಿ ತಂದಿಟ್ಟು, "ಕುಡೀರಿ ಮಾಮ. ಬೆಳಿಗ್ಗೆ ಫೋನಾಗೆ ನಾ ಏಳಕ್ಕೆ ಬಂದಿದ್ದೂ ಇದೇ, ಇವತ್ತು ಅಮಾಸೆ ಅಂತ," ಎಂದಳು. ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಮರುದಿನ ಆಫೀಸಿಗೆ ಹೋದರೆ ಚೆನ್ನೈಯಿಂದ ಇನ್ನೊಂದು ಫಾರಂ ಬಂದಿತ್ತು. ಕೊನೆಯ ಪ್ರಶ್ನೆ: 'ಮುಂದೆ ಹೀಗಾಗದಂತೆ ಯಾವ ಮುನ್ನೆಚ್ಚರಿಕೆ ಕೈಗೊಂಡಿದ್ದೀರಿ?'

ಬಹಳ ಯೋಚಿಸಿ, ಸತ್ಯವನ್ನೇ ಬರೆದೆ: 'ಮೇಜಿನ ಮುಂದೆ ಅಮಾವಾಸ್ಯೆ ತೋರಿಸುವ ಕ್ಯಾಲೆಂಡರ್ ತೂಗುಹಾಕಿದ್ದೇನೆ.'

ಆ ಕ್ಯಾಲೆಂಡರನ್ನೂ ಅವ್ವನೇ ಟ್ರಂಕಿನಿಂದ ತೆಗೆದುಕೊಟ್ಟಳು.