ಭಾವನ ದೋಣಿಯ ಹಲಗೆ

ಸಾವಾದ ಮನೆಯಲ್ಲಿ ನಗು ಬಂದರೆ ತಡೆಯೋದು ಕಷ್ಟ. ಭಾವ ತೀರಿಕೊಂಡ ಮೇಲೆ ನನಗೂ ಅಕ್ಕನಿಗೂ ಇದೇ ಪಾಡಾಗಿತ್ತು.

ಭಾವ ನೌಕಾಪಡೆಯಿಂದ ರಿಟೈರಾಗಿ ಟಿ. ನರಸೀಪುರದಲ್ಲಿ ಮನೆ ಮಾಡಿದ್ದರು. ಹಾಯಿ ಕಟ್ಟುವ ಪುಟ್ಟ ದೋಣಿಯಲ್ಲಿ ಒಬ್ಬರೇ ಹೊಳೆ ಸುತ್ತುತ್ತಿದ್ದರು. ಎಷ್ಟು ಕರೆದರೂ ನೀರಿನ ಭಯಕ್ಕೆ ಅಕ್ಕ ಹತ್ತಲಿಲ್ಲ. ಅವರು ಹೋದ ಮೇಲೆ, "ಅದನ್ನ ಯಾರಿಗಾದ್ರೂ ಕೊಡೋಕೆ ಮುಂಚೆ ಒಂದ್ಸಲ ಕೂತ್ಕೋಬೇಕು ಕಣೋ" ಅಂದಳು.

ದೋಣಿಯ ನಡುಹಲಗೆ ಬಿರುಕು ಬಿಟ್ಟಿತ್ತು. ಗಾಳಿಗೆ ದೋಣಿ ಪಕ್ಕಕ್ಕೆ ಜಾರದಿರಲೆಂದು ತಳದ ಸೀಳಿನಿಂದ ನೀರಿಗೆ ಇಳಿಬಿಡುವ ಹಲಗೆ ಅದು. ನಾನು ನಂಜನಗೂಡಿನಲ್ಲಿ ಬಾಗಿಲು, ಕಿಟಕಿ ಮಾಡುವವನು. ರಿಪೇರಿ ನನ್ನ ಪಾಲಿಗೇ ಬಂತು.

ಅಂಗಡಿಯಲ್ಲಿ

ಬಿರುಕಿಗೆ ಅಂಟು ತುಂಬಿ, ಉಜ್ಜಿ ನುಣ್ಣಗೆ ಮಾಡುತ್ತಿದ್ದೆ. ಬಾಗಿಲು ಕೇಳಲು ಬಂದ ಕವಲಂದೆಯ ಗಿರಾಕಿ ನಿಂತು ನೋಡಿದ.

"ಇಸ್ತ್ರಿ ಮಣೆ ಚೆನ್ನಾಗೈತೆ. ಕಾಲು ಯಾವಾಗ ಆಕ್ತೀರಿ ಸಾ?"

"ಇದು ದೋಣೀದು. ನೀರೊಳಗೆ ಇರುತ್ತೆ."

"ಯಾರ್ಗೂ ಕಾಣಾಕಿಲ್ವಾ? ಮತ್ಯಾಕೆ ಇಷ್ಟೊಂದು ಉಜ್ತಿದ್ದೀರಿ?"

ಭಾವ ಇದ್ದಿದ್ದರೆ ಕೈಯಾಡಿಸಿ ನೋಡುತ್ತಿದ್ದರು ಅನ್ನಲು ಬಾಯಿ ಬರಲಿಲ್ಲ. "ಅಭ್ಯಾಸ" ಅಂದೆ.

"ನಮ್ ಬಾಗ್ಲನ್ನೂ ನೀರೊಳಗೆ ಇಡ್ತೀವಿ ಅಂದ್ಕೊಂಡೇ ಮಾಡಿ" ಅಂದ.

ಅಂಗಳದಲ್ಲಿ

ಸೀಳಿನೊಳಗಿನ ಹಳೇ ಬಣ್ಣ ದಪ್ಪವಾಗಿ ಹಲಗೆ ಇಳಿಯಲೊಲ್ಲದು. ಮಗುಚಿಟ್ಟ ದೋಣಿಯ ಕೆಳಗೆ ತೂರಿ, ಸೀಳನ್ನು ಕೆರೆಯುತ್ತಾ ಮಲಗಿದ್ದೆ. ಅಕ್ಕನನ್ನು ಮಾತಾಡಿಸಲು ಬಂದ ಪಕ್ಕದ ಬೀದಿಯ ಅಜ್ಜಿಗೆ ನನ್ನ ಕಾಲೆರಡೇ ಕಂಡವು.

"ಅಯ್ಯೋ ಕಂದಾ, ತಮ್ಮನೂ ಓದ್ನಾ" ಎಂದು ಅಳಲು ಶುರುಮಾಡಿದರು.

"ಇಲ್ಲ ಅಜ್ಜಿ, ಬಣ್ಣ ಕೆರೀತಾವ್ನೆ" ಅಂದಳು ಅಕ್ಕ.

ಅಜ್ಜಿ ಕಣ್ಣೊರೆಸಿಕೊಂಡು, "ಕೆರೀಲಿ ಬುಡು. ಬಂದಿದ್ದೀನಿ, ನಿನ್ ಗಂಡನಿಗೇ ಅತ್ಬುಟ್ಟು ಓಯ್ತೀನಿ" ಅಂತ ಕೂತರು.

ಹೊಳೆಯಲ್ಲಿ

ಅಕ್ಕನನ್ನು ಕೂರಿಸಿಕೊಂಡು ದಡದಿಂದ ಸ್ವಲ್ಪ ದೂರ ಹೋಗಿ ಹಲಗೆ ಇಳಿಸಿದೆ. ಅದು ಮರಳಿಗೆ ನಾಟಿ ನಿಂತಿತು. ಎಷ್ಟೆಳೆದರೂ ಮೇಲೆ ಬರಲಿಲ್ಲ. ಗಾಳಿಗೆ ದೋಣಿ ವಾಲಿತು. ಅಕ್ಕ ಕಣ್ಣುಮುಚ್ಚಿ ನನ್ನ ತೋಳು ಹಿಡಿದಳು.

ಹಸು ಹೊಡೆದುಕೊಂಡು ಒಬ್ಬ ಹೊಳೆಯೊಳಗೇ ನಡೆದು ಬಂದ. ನೀರು ಅವನ ಮೊಣಕಾಲಿಗಿತ್ತು.

"ಯಾಕ್ಸಾ ಇಲ್ಲೇ ನಿಂತ್ಬುಟ್ರಿ?"

"ಸಿಕ್ಕಾಕ್ಕೊಂಡಿದೆ. ಮುಳುಗಿಬಿಡ್ತೀವೇನೋ ಅಂತ ಭಯ."

ಅವನು ಸುತ್ತ ನೋಡಿ ಹೇಳಿದ: "ಮುಳುಗ್ಬೇಕು ಅಂದ್ರೆ ಇನ್ನೊಸಿ ಮುಂದುಕ್ಕೆ ಓಗ್ಬೇಕು ಸಾ."

ಅಕ್ಕ ಕಣ್ಣು ಬಿಟ್ಟಳು. ತಿಂಗಳುಗಳಿಂದ ತಡೆದಿಟ್ಟ ನಗು ಉಕ್ಕಿ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಮನೆಗೋದ ತಕ್ಷಣ ನಿಮ್ಮ ಭಾವಂಗೆ ಹೇಳ್ಬೇಕು ಕಣೋ" ಅಂದಳು.

ನಾನು ಮತ್ತೆ ಹಲಗೆ ಎಳೆಯಲು ಬಗ್ಗಿದೆ. ಹಸುವಿನವನು ಒಬ್ಬನೇ ದೋಣಿ ನೂಕುತ್ತಿದ್ದ.